ಗೋಡೆಗೆ ಹೇಳಿದ ಮಾತು, ಡಬ್ಬಿಗೆ ಹಾಕಿದ ಪುಸ್ತಕ

ದುಡ್ಡು ಕೊಟ್ಟು ತಂದ ವಸ್ತು ತಂದವರ ಮಾತು ಕೇಳಬೇಕು ಎಂಬುದು ನನ್ನ ತಿಳುವಳಿಕೆ. ನಾನು ಕೊಂಡ ಕೊಡ ಇವತ್ತಿನವರೆಗೆ, ನನ್ನಲ್ಲಿ ಯಾವ ಬಾವಿಯ ನೀರು ತುಂಬುತ್ತೀ ಎಂದು ಕೇಳಿಲ್ಲ. ನನ್ನ ಒಳ್ಳು, ರಾಣೇಬೆನ್ನೂರಿನ ಶೇಂಗಾ ಮಾತ್ರ ಅರೆಯುತ್ತೇನೆ, ಹಾವೇರಿಯದು ಬೇಡ ಎಂದು ಹಟ ಹಿಡಿದಿಲ್ಲ. ಹಾಗಿರುವಾಗ ನಾನೇ ಕೊಂಡ ಪುಸ್ತಕ ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡು ಕೂತಿತು. ಕೊಂಡವಳು ನಾನು, ಬೀಗ ಇನ್ಯಾರದೋ. ನನಗೆ ಸಿಟ್ಟು ಬರುವುದು ಹೊಸದೇನಲ್ಲ. ಆದರೆ ಆ ಸಿಟ್ಟಿನಿಂದ ಒಬ್ಬ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತಲ್ಲ, ಅದು ಹೊಸದು. ಅದಕ್ಕೇ ಹೇಳುತ್ತಿದ್ದೇನೆ.

ಪುಸ್ತಕ ಎಂದರೆ ಹಾಳೆಯದಲ್ಲ, ಕೇಳುವ ಪುಸ್ತಕ. ನನಗೆ ಓದು ಬರುವುದೇ ಇಲ್ಲ ಎಂದಲ್ಲ. ಬರುತ್ತದೆ, ಆದರೆ ಕೋಲು ಊರಿಕೊಂಡು ಬರುತ್ತದೆ. ಬಸ್ಸಿನ ಬೋರ್ಡಿನ ಮೇಲೆ ಗು, ತ್ತ, ಲ ಎಂದು ಕೂಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಗುತ್ತಲ ಮುಟ್ಟಿರುತ್ತದೆ. ಹಾಳೆಯ ಪುಸ್ತಕದಲ್ಲಿ ಒಂದು ವಾಕ್ಯದ ಕೊನೆಗೆ ಹೋದಾಗ, ಅದರ ಮೊದಲಿಗೆ ಯಾರು ಯಾರಿಗೆ ಹೊಡೆದರು ಎಂಬುದು ಮರೆತಿರುತ್ತದೆ. ಮರಳಿ ಹೋಗಿ ನೋಡಿದರೆ, ಯಾಕೆ ಹೊಡೆದರು ಎಂಬುದು ಮರೆಯುತ್ತದೆ. ಹೀಗಾಗಿ ನಾನು ಒಂದೂ ದೊಡ್ಡ ಪುಸ್ತಕ ಮುಗಿಸಿರಲಿಲ್ಲ. ಅದಕ್ಕಾಗಿ ಮರುಗುತ್ತಲೂ ಕೂತಿರಲಿಲ್ಲ. ನಮ್ಮೂರು ಬ್ಯಾಡಗಿಯಲ್ಲಿ ಕೂತವರಿಗೆ ಕೆಲಸ ಬೇಕಾದಷ್ಟಿದೆ. ಪೇಟೆಯಿಂದ ಮೆಣಸಿನಕಾಯಿ ಚೀಲ ನಮ್ಮ ಓಣಿಗೆ ಬರುತ್ತವೆ. ನಾವು ಹೆಂಗಸರು ನಮ್ಮ ಪಡಸಾಲೆಯಲ್ಲಿ ಸುತ್ತ ಕೂತು ಕಾಯಿಯ ತುಂಬು ಬಿಡಿಸುತ್ತೇವೆ. ತುಂಬು ಎಂದರೆ ತೊಟ್ಟು. ಕೈಗೆ ಕೆಲಸ, ಕಿವಿ ಖಾಲಿ. ಖಾಲಿ ಕಿವಿಗೆ ಓಣಿಯ ಸುದ್ದಿಯೇ ಬೀಳುತ್ತದೆ, ಓಣಿಯ ಸುದ್ದಿ ದಿನವೂ ಅದೇ.

ನನ್ನ ಮಗಳು ಸುಮಾ ಹಾವೇರಿಯ ಆಸ್ಪತ್ರೆಯಲ್ಲಿ ನರ್ಸು, ಇರುವುದು ಗಂಡನ ಊರು ರಾಣೇಬೆನ್ನೂರಿನಲ್ಲಿ. ಅವಳು ತಾನು ಬಿಟ್ಟ ಹಳೆಯ ಫೋನು ನನಗೆ ಕೊಟ್ಟು, ಅದರಲ್ಲಿ ಒಂದು ಆಪು ಹಾಕಿ, ನನ್ನ ದುಡ್ಡಿನಲ್ಲೇ ಕೇಳುವ ಪುಸ್ತಕ ಕೊಡಿಸಿದಳು. ಒಬ್ಬಳು ಹೆಣ್ಣುಮಗಳು ಒಳಗೆ ಕೂತು ಓದುತ್ತಾಳೆ. ತಡವರಿಸುವುದಿಲ್ಲ, ಕೆಮ್ಮುವುದಿಲ್ಲ, ನಡುವೆ ಎದ್ದು ಹಾಲು ಉಕ್ಕಿತೇನೋ ನೋಡಿ ಬರುತ್ತೇನೆ ಎನ್ನುವುದಿಲ್ಲ. ನಾನು ಒಂದರ ಹಿಂದೆ ಒಂದು ಕೇಳಿದೆ. ಒಂದೇ ತೊಂದರೆ ಎಂದರೆ ನಡುನಡುವೆ ಫೋನು ತಾನಾಗಿಯೇ ನಿಂತು, ಮುಟ್ಟು ಎನ್ನುತ್ತಿತ್ತು. ಕೈತುಂಬ ಮೆಣಸಿನಕಾಯಿ ಘಾಟು. ಆ ಕೈಯಿಂದ ಮುಟ್ಟಿದರೆ ಅದರ ಗಾಜು ಕೆಂಪು ಮೆತ್ತಿಕೊಂಡು ಕುರುಡಾಗುತ್ತಿತ್ತು. ಎದ್ದು, ಕೈ ತೊಳೆದು, ಒರೆಸಿ, ಮುಟ್ಟಿ, ಮತ್ತೆ ಕೂರಬೇಕು. ನನ್ನ ಮೊಣಕಾಲು ಇದಕ್ಕೆ ಒಪ್ಪಿರಲಿಲ್ಲ.

ಹಾಗೂ ಹೀಗೂ ನಡೆದಿತ್ತು. ಆಗ ಕೇಳುತ್ತಿದ್ದದ್ದು ನೀಲವ್ವ ಎಂಬ ಹರಗೋಲು ನಡೆಸುವ ಹೆಂಗಸಿನ ಕಥೆ. ಗಂಡ ಸತ್ತ ಮೇಲೆ ಅವಳ ಮೈದುನ ಹೊಲ ಕಿತ್ತುಕೊಂಡಿದ್ದಾನೆ, ಮನೆ ಕಿತ್ತುಕೊಂಡಿದ್ದಾನೆ, ಈಗ ಹರಗೋಲಿನ ಮೇಲೂ ಕಣ್ಣು. ಅದೇ ಮೈದುನ, ಹೊಳೆ ತುಂಬಿದ ದಿನ, ಬೇರೆ ದಾರಿ ಇಲ್ಲದೆ ಅವಳ ಹರಗೋಲಿನಲ್ಲೇ ಕೂತಿದ್ದಾನೆ. ನಡುಹೊಳೆ. ಅವನಿಗೆ ಈಜು ಬರುವುದಿಲ್ಲ. ನೀಲವ್ವ ಹುಟ್ಟು ಹಾಕುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅಷ್ಟೇ. ಫೋನು ನಿಂತಿತು. ಕೈ ತೊಳೆದು ಬಂದು ಮುಟ್ಟಿದರೆ ಏನೋ ಬರೆದು ತೋರಿಸಿತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಈ ಫೋನು ಹಳೆಯದಾಯಿತು, ಇನ್ನು ಮುಂದೆ ಇದರಲ್ಲಿ ನಡೆಯುವುದಿಲ್ಲ ಎಂದಿತ್ತು. ಹಳೆಯದಾದೆ ಎಂದು ಮುಖಕ್ಕೆ ಹೇಳುವವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ.

ಸುಮಾಗೆ ಫೋನು ಮಾಡಿಸಿದೆ. "ಯವ್ವಾ, ಅದಕ್ಯಾಕ ಇಷ್ಟ ಒದರಾಕತ್ತಿ? ಹೊಸಾ ಫೋನ್ ಕೊಡಸ್ತೇನಿ ತಗೋ" ಎಂದಳು.

"ಹೊಸಾದಕ್ಕೂ ಗಾಜಿನ ಮಾರೀನ ಇರ್ತೈತಿ. ಅದನ್ನ ಒರಸ್ಕೋಂತ ಕುಂದ್ರಲೇನು? ಅದೂ ನಾಳಿ ಹಳೇದಾಗೂದಿಲ್ಲೇನು? ನನಗ ಫೋನ್ ಬ್ಯಾಡ. ನನ್ನ ಪುಸ್ತಕ ನನಗ ಬೇಕು. ಆ ಮೈದುನ ಸತ್ನೋ ಉಳದ್ನೋ, ಅಷ್ಟ ಹೇಳು."

"ಇವರಿಗೆ ಕೇಳ್ತೇನಿ ತಡಿ" ಎಂದಳು. ಇವರು ಎಂದರೆ ಅವಳ ಗಂಡ, ನನ್ನ ಅಳಿಯ.

ಇಲ್ಲಿ ನಾನು ಅಳಿಯನ ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವ ರೂಢಿ ಇಲ್ಲ. ಅವನು ಬಂದರೆ ತಲೆಯ ಮೇಲೆ ಸೆರಗು, ಬಾಗಿಲ ಮರೆ, ಮಾತೆಲ್ಲ ಮಗಳ ಮೂಲಕ. ಈಗ ಯಾರೂ ಇದನ್ನು ಪಾಲಿಸುವುದಿಲ್ಲ. ಎದುರು ಮನೆಯ ಫಕ್ಕೀರವ್ವ ತನ್ನ ಅಳಿಯನ ಸ್ಕೂಟರಿನ ಹಿಂದೆ ಕೂತು ಸಂತೆಗೆ ಹೋಗುತ್ತಾಳೆ. ಆದರೆ ನಾನು ಮಗಳ ಮದುವೆಯ ದಿನ ಸೆರಗು ಹಾಕಿಕೊಂಡವಳು, ಮರುದಿನ ತೆಗೆಯಲು ಒಂದು ಕಾರಣ ಬೇಕಲ್ಲ. ಕಾರಣ ಸಿಗಲಿಲ್ಲ, ಹಾಗೇ ಉಳಿಯಿತು. ಊರಿನವರಿಗೆಲ್ಲ ಮುಖಕ್ಕೆ ಹೊಡೆದಂತೆ ಮಾತಾಡುವ ನಾನು ಅವನೊಬ್ಬನ ಮುಂದೆ ಮೂಗಿ. ಅವನೋ ಮೊದಲೇ ಮಾತು ಕಡಿಮೆ. ಮದುವೆಗಳ ವಿಡಿಯೋ ತೆಗೆದು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ ಕೊಡುವ ಕಸುಬು. ಮಂದಿಯ ಮದುವೆಯಲ್ಲಿ ಉಂಡು, ಮಂದಿಯ ಮದುವೆಯನ್ನೇ ಕತ್ತರಿಸುವವನು ಎಂದು ನಾನು ಹಿಂದೆ ಮಗಳಿಗೆ ಅಂದದ್ದುಂಟು. ಮಗಳು ಅದನ್ನು ಅವನಿಗೆ ಮುಟ್ಟಿಸಿದ್ದಳಂತೆ. ಮುಟ್ಟಿಸಬಾರದ್ದನ್ನು ಮುಟ್ಟಿಸುವುದರಲ್ಲಿ ಅವಳು ಬಲು ಚುರುಕು.

ರಾಣೇಬೆನ್ನೂರಿಗೆ ಬಾ ಎಂದಳು, ಹೋದೆ. ನಾನು ಹೋದ ದಿನವೇ ಅವಳಿಗೆ ಡ್ಯೂಟಿ. ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು, "ಪುಸ್ತಕದ್ದು ಇವರು ಮಾಡಿ ಕೊಡ್ತಾರ, ಏನಾರ ಬೇಕಿದ್ರ ಕೇಳು" ಎಂದು ಹಾವೇರಿ ಬಸ್ಸು ಹತ್ತಿಬಿಟ್ಟಳು. ಏನು ಕೇಳುವುದು, ಯಾವ ಬಾಯಿಂದ ಕೇಳುವುದು? ಮನೆಯಲ್ಲಿ ನಾನು ಮತ್ತು ಅಳಿಯ. ಅವನು ಕಂಪ್ಯೂಟರಿನ ಮುಂದೆ, ನಾನು ಅಡುಗೆಮನೆಯಲ್ಲಿ. ನಡುವೆ ಒಂದು ಗೋಡೆ. ನಮ್ಮ ತಾಯಿ ಇಂಥ ಹೊತ್ತಿನಲ್ಲಿ ಗೋಡೆಗೆ ಮಾತಾಡುತ್ತಿದ್ದಳು. ನಾನೂ ಗೋಡೆಯ ಕಡೆ ತಿರುಗಿದೆ.

"ಗ್ವಾಡೀ, ಚಾ ಆಗೇತಿ. ಯಾರಿಗಾರ ಬೇಕಿದ್ರ ಕುಡೀಲಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮೆಲ್ಲಗೆ, "ಗ್ವಾಡೀ, ಅತ್ತಿಯವರಿಗೆ ಹೇಳು, ಸಕ್ಕರಿ ಜರಾ ಕಡಿಮಿ ಇರಲಿ."

ಮನುಷ್ಯ ಜಾಣ ಎಂದು ನನಗೆ ಮೊದಲ ಸಲ ಅನಿಸಿದ್ದು ಆಗ. ನಗಲಿಲ್ಲ, ಇದೇನು ಹಳೇ ಕಾಲ ಎಂದು ಮೂಗು ಮುರಿಯಲಿಲ್ಲ. ನನ್ನ ಗೋಡೆಯನ್ನು ಒಪ್ಪಿಕೊಂಡ.

ಅವತ್ತಿಡೀ ಆ ಗೋಡೆ ನಮ್ಮಿಬ್ಬರ ನಡುವೆ ದುಡಿಯಿತು. ಅವನು ಮೊದಲು ಪುಸ್ತಕ ಮಾರಿದವರಿಗೆ ಬರೆದು ಕೇಳಿದ್ದನಂತೆ. ನಮ್ಮ ಅತ್ತೆ ದುಡ್ಡು ಕೊಟ್ಟು ತೆಗೆದುಕೊಂಡಿದ್ದಾರೆ, ಫೋನು ಕೈಕೊಟ್ಟಿದೆ, ಏನು ಮಾಡೋಣ ಎಂದು. ಅವರು, ಪುಸ್ತಕ ನಿಮ್ಮದೇ, ಕಂಪ್ಯೂಟರಿಗೆ ಇಳಿಸಿಕೊಳ್ಳಿ, ನಿಮಗೆ ಕೇಳಲು ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಿ, ಆದರೆ ನಕಲು ಮಾಡಿ ಊರಿಗೆ ಹಂಚಬೇಡಿ ಎಂದಿದ್ದರು. ಕೇಳಿ ಮಾಡುವ ಗುಣ ನನಗಿಲ್ಲ. ನಾನಾಗಿದ್ದರೆ ಬೈದು ಮಾಡುತ್ತಿದ್ದೆ.

"ಇಳಿಸ್ಕೊಂಡ ಮ್ಯಾಲೆ ಮತ್ತೇನ ಕೆಲಸ ಉಳೀತಂತ, ಗ್ವಾಡೀ?"

"ಗ್ವಾಡೀ, ಈ ಪುಸ್ತಕ ಒಂದ ದೊಡ್ಡ ಗಂಟು. ಅತ್ತಿಯವರಿಗೆ ನಾ ತರೂ ಹಾಡಿನ ಡಬ್ಬಿಗೆ ಈ ಗಂಟು ಬಿಚ್ಚಾಕ ಬರೂದಿಲ್ಲ. ಅದಕ್ಕ ತಿಳಿಯೂ ಹಂಗ ಸಣ್ಣ ಸಣ್ಣ ಗಂಟು ಕಟ್ಟಬೇಕು. ಅಂದ್ರ ಯಾವ ಡಬ್ಬಿಗೆ ಹಾಕಿದ್ರೂ ಮಾತಾಡ್ತೈತಿ."

ನನಗೆ ತಿಳಿಯಿತು. ಕಾಯಿ ಅದೇ, ಚೀಲ ಬೇರೆ. ಆದರೆ ಚೀಲದಿಂದ ಚೀಲಕ್ಕೆ ಸುರಿದರೆ ಒಂದಿಷ್ಟು ಉದುರುವುದು, ಒಂದಿಷ್ಟು ಪುಡಿಯಾಗುವುದು ನನಗೆ ಗೊತ್ತು. ಅದನ್ನೂ ಗೋಡೆಗೆ ಕೇಳಿದೆ. ಖರೇ, ಧ್ವನಿ ಜರಾ ಉದುರುತ್ತದೆ, ಆದರೆ ಕಿವಿಗೆ ಗೊತ್ತಾಗದಷ್ಟೇ ಉದುರುವ ಹಾಗೆ ಮಾಡುತ್ತೇನೆ ಎಂದ. ಮಾಡಿದ ಕೂಡಲೇ ಎತ್ತಿ ಕೊಟ್ಟುಬಿಡಲಿಲ್ಲ. ಕಿವಿಗೆ ಹಾಕಿಕೊಂಡು, ಪ್ರತಿ ಅಧ್ಯಾಯದ ಕೊನೆ ಮತ್ತು ಮುಂದಿನದರ ಮೊದಲು ಕೇಳಿ ಕೇಳಿ ನೋಡಿದ. ಅಷ್ಟೊಂದು ಯಾಕೆ ಎಂದರೆ, "ಮದುವಿ ವಿಡಿಯೋದಾಗ ಎಲ್ಲಾ ಇದ್ದು ತಾಳಿ ಕಟ್ಟೂದು ಬಿಟ್ಟು ಹೋದ್ರ ಏನ್ ಉಪಯೋಗ್ರಿ" ಎಂದು ಗೋಡೆಗೆ ಹೇಳಿದ. ಅವನ ಕಸುಬಿನ ಬಗ್ಗೆ ನಾನು ಆಡಿದ ಮಾತನ್ನು ಅಡುಗೆಮನೆಯ ಮಸಿ ಅರಿವೆಯ ಜೊತೆ ಮೂಲೆಗೆ ಎಸೆದೆ.

ನೀಲವ್ವನ ಪುಸ್ತಕ ಬಹಳ ದೊಡ್ಡದು, ಅದು ಮುಗಿಯಲು ಇನ್ನೂ ಹೊತ್ತು ಬೇಕು ಎಂದ. ಅಲ್ಲಿಯವರೆಗೆ ಇರಲಿ ಎಂದು, ನಾನು ಕೊಂಡು ಇನ್ನೂ ಕೇಳದ ಒಂದು ಸಣ್ಣ ಪುಸ್ತಕವನ್ನು ಪೆನ್‌ಡ್ರೈವಿಗೆ ಹಾಕಿ, ಪೇಟೆಯಿಂದ ಹಾಡಿನ ಡಬ್ಬಿ ತಂದು ಕೊಟ್ಟ. ಡಬ್ಬಿ ಆರಿಸಿದ್ದರಲ್ಲೂ ತಲೆ ಇತ್ತು. ಗಾಜಿಲ್ಲ. ರೊಟ್ಟಿ ಮಣೆಯಷ್ಟು ಅಗಲ, ಮುಂದೆ ಒಂದೇ ದೊಡ್ಡ ಗುಂಡಿ. "ಕೈ ಖಾರ ಇದ್ರ ಮೊಣಕೈಲೆ ಒತ್ತಬಹುದಂತ ಅತ್ತಿಯವರಿಗೆ ಹೇಳು ಗ್ವಾಡೀ" ಎಂದ. ಮೆಣಸಿನಕಾಯಿ ಕೈಯ ಕಷ್ಟ ನಾನು ಅವನಿಗೆ ಹೇಳಿರಲಿಲ್ಲ. ಸುಮಾ ಮುಟ್ಟಿಸಬೇಕಾದ್ದನ್ನೂ ಮುಟ್ಟಿಸುತ್ತಾಳೆ ಎಂದಾಯಿತು.

ಬ್ಯಾಡಗಿಗೆ ಬಂದು ಪಡಸಾಲೆಯಲ್ಲಿ ಡಬ್ಬಿ ಇಟ್ಟೆ. ಓಣಿಯ ಹೆಂಗಸರೆಲ್ಲ ಮೊರ ತೆಗೆದುಕೊಂಡು ಬಂದು ಕೂತರು. ಫಕ್ಕೀರವ್ವ, "ಗಂಗಕ್ಕಾ, ನನಗೂ ಅದರಾಗಿಂದು ಒಂದು ಹಾಕಿಸಿ ಕೊಡ" ಎಂದಳು. "ಕೇಳಾಕ ಬಾ, ಒಯ್ಯಾಕ ಬರಬ್ಯಾಡ" ಎಂದೆ. ಬಂದಳು. ನನ್ನ ಜೊತೆ ಮಾತು ಬಿಟ್ಟವರೂ ಬಂದು ಕೂತರು.

ಕಥೆ ಶುರುವಾಯಿತು. ಮೊದಲ ಅಧ್ಯಾಯದಲ್ಲಿ ಒಂದು ಮನೆ, ಅದರ ಯಜಮಾನ ಒಬ್ಬ ಮುದುಕ, ಮಗನಿಗೆ ಕನ್ಯೆ ನೋಡುತ್ತಿದ್ದಾನೆ. ಅದು ಮುಗಿದ ಕೂಡಲೇ ಮುದುಕನ ತಿಥಿ ಬಂತು. ಮೊಮ್ಮಕ್ಕಳು ಆಸ್ತಿಗೆ ಜಗಳಾಡಿದರು, ಮನೆ ಮಾರಿದರು. ಆಮೇಲೆ ನೋಡಿದರೆ ಮುದುಕ ಅದೇ ಮನೆಯಲ್ಲಿ ಕೂತು ಹೋಳಿಗೆ ಉಣ್ಣುತ್ತಿದ್ದಾನೆ, ಕನ್ಯೆ ಇನ್ನೂ ಒಪ್ಪಿಗೆಯಾಗಿಲ್ಲ.

ಫಕ್ಕೀರವ್ವ ಕೈಯಲ್ಲಿದ್ದ ಕಾಯಿ ಬಿಟ್ಟಳು. "ಅಯ್ಯ ನಮ್ಮವ್ವಾ, ಸತ್ತಾಂವ ಊಟಕ್ಕ ಕುಂತಾನಲ್ಲ! ಮದುವಿನ ಆಗಿಲ್ಲ, ಮೊಮ್ಮಕ್ಕಳು ಎಲ್ಲಿಂದ ಬಂದ್ವು?"

ಡಬ್ಬಿ ನನ್ನದು, ಪುಸ್ತಕ ನನ್ನದು, ಗೊತ್ತಿಲ್ಲ ಎನ್ನಲು ಆಗುತ್ತದೆಯೇ? "ಇದು ಹೊಸಾ ನಮೂನಿ ಕಾದಂಬರಿ. ತೆಲಿ ಇದ್ದಾವರಿಗೆ ತಿಳೀತೈತಿ. ಸುಮ್ಮನ ಕೇಳ್ರಿ" ಎಂದೆ. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಮಗನ ಮದುವೆಯಾಗಿ ಎಲ್ಲ ಚೆನ್ನಾಗಿರುವಾಗ ಕಥೆ ಮುಗಿಯಿತು. ಮನೆ ಮಾರಿದ್ದು ಏನಾಯಿತು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ತಲೆ ಇತ್ತಲ್ಲ. ನಾನಂತೂ ಬಹಳ ಮೆಚ್ಚಿದೆ. ಬರೆದವನು ಸಾವನ್ನು ಮೊದಲೇ ಹೇಳಿ ಕೈತೊಳೆದುಕೊಂಡು, ಆಮೇಲೆ ಹೋಳಿಗೆ ಉಣ್ಣಿಸುತ್ತಾನೆ. ಬುದ್ಧಿವಂತ. ಸುಮಾಗೆ ಫೋನಿನಲ್ಲಿ ಇದನ್ನೆಲ್ಲ ಹೊಗಳಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಹಿಂದಿನಿಂದ ಅಳಿಯನ ದನಿ ಕೇಳಿತು, ಅವನು ನಗುತ್ತಿರಲಿಲ್ಲ. "ತಪ್ಪು ನಂದ ಐತಿ. ನಾಡಿದ್ದ ಮೋಟೆಬೆನ್ನೂರಾಗ ಒಂದು ಮದುವಿ ಐತಿ. ಮುಗಿಸಿ ನಾನ ಬ್ಯಾಡಗಿಗೆ ಹೋಗಿ ಸರಿ ಮಾಡಿ ಬರ್ತೇನಿ. ನೀಲವ್ವಂದೂ ಒಯ್ತೇನಿ."

ಆಗಿದ್ದು ಇಷ್ಟು. ಅವನು ಅಧ್ಯಾಯಗಳಿಗೆ ಒಂದು, ಎರಡು ಎಂದು ಅಂಕಿ ಬರೆದಿದ್ದ. ಆ ಡಬ್ಬಿಗೆ ಲೆಕ್ಕ ಬರುವುದಿಲ್ಲ, ಮೊದಲ ಅಂಕಿ ಮಾತ್ರ ನೋಡುತ್ತದೆ. ಒಂದು ಆದ ಮೇಲೆ ಹತ್ತು, ಹನ್ನೊಂದು, ಹನ್ನೆರಡು. ಅವೂ ಒಂದರಿಂದಲೇ ಶುರುವಾಗುತ್ತವಲ್ಲ. ಒಂದರ ಬಳಗವೆಲ್ಲ ಮುಗಿದ ಮೇಲೆ ಎರಡಕ್ಕೆ ಪಾಳಿ. ನನ್ನ ಹಾಗೆಯೇ ಅರ್ಧ ಓದು ಕಲಿತ ಡಬ್ಬಿ. ಅಳಿಯ ಡಬ್ಬಿಯನ್ನು ಬೈಯಬಹುದಿತ್ತು. ಬೈಯಲಿಲ್ಲ. ಮದುವೆ ಮನೆಯಿಂದ ಬೆವರಿಕೊಂಡು ಬಂದು, ಚೀಲದಿಂದ ಕಂಪ್ಯೂಟರು ತೆಗೆದು, ಎಲ್ಲ ಅಂಕಿಯ ಮುಂದೆ ಸೊನ್ನೆ ಬೇಕಾದಲ್ಲಿ ಸೊನ್ನೆ ಹಾಕಿ, ಡಬ್ಬಿಗೆ ತಿಳಿಯುವಂತೆ ಸಾಲು ನಿಲ್ಲಿಸಿದ. ತಿಳಿಯದವರಿಗೆ ತಿಳಿಯುವ ಹಾಗೆ ಹೇಳುವುದಕ್ಕೆ ತಾಳ್ಮೆ ಬೇಕು. ಅದು ಎಷ್ಟು ಬೇಕು ಎಂದು ನನಗೆ ಗೊತ್ತಿಲ್ಲ, ನನ್ನಲ್ಲಿ ಅದು ಇಲ್ಲ.

ಇನ್ನು ಆ ಹೊತ್ತಿನ ಸುದ್ದಿ. ಪಡಸಾಲೆಯ ತುಂಬ ಹೆಂಗಸರು, ನಡುವೆ ಮೆಣಸಿನಕಾಯಿ ರಾಶಿ. ಅಳಿಯ ಹೊರಗೆ ಕಟ್ಟೆಯ ಮೇಲೆ. ನಾನು ಸೆರಗು ಎಳೆದುಕೊಂಡು ಗೋಡೆಗೆ, "ಗ್ವಾಡೀ, ಹೊಳ್ಯಾಗಿಂದ ಶುರು ಮಾಡಾಕ ಹೇಳು" ಎಂದೆ. ಸರಿಯಾಗಿ ಅಲ್ಲಿಗೆ ತಂದು ನಿಲ್ಲಿಸಿ, ಡಬ್ಬಿಯನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟು ಹೋದ. ಗುಂಡಿ ಒತ್ತುವುದೊಂದೇ ಬಾಕಿ. ಕೈ ಖಾರ. ಮೊಣಕೈ ಊರಲು ಬಗ್ಗಬೇಕು, ಸೊಂಟ ಬಗ್ಗುವುದಿಲ್ಲ. ಚಾಚಿದ ಕಾಲು ಅಲ್ಲೇ ಇತ್ತು. ಕಾಲಿನ ಹೆಬ್ಬೆರಳಿನಿಂದ ಒತ್ತಿಬಿಟ್ಟೆ. "ನೀಲವ್ವ ಹುಟ್ಟನ್ನು ನೀರಿನಿಂದ ಮೇಲೆತ್ತಿದಳು" ಎಂದಿತು ಒಳಗಿನ ಹೆಣ್ಣುಮಗಳ ದನಿ.

ಕಾಲು ತಗಲಿದ್ದು ಪುಸ್ತಕಕ್ಕೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಕೇಳಬೇಕಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಓದು ಬರದವರಿಗೆ ಈ ಭಕ್ತಿ ಇನ್ನೂ ಹೆಚ್ಚು. ನನ್ನ ಎರಡೂ ಕೈ ಡಬ್ಬಿ ಮುಟ್ಟಿದವು, ಎರಡೂ ಕಣ್ಣಿಗೆ ಹೋದವು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಮ್ಮ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಹೇಳುವವರು ಕಣ್ಣಿಗೆ ಹಾಕಿಕೊಂಡು ನೋಡಿಲ್ಲ. ನಾನು ಕಿರುಚಿದ್ದು ಸ್ಟೇಷನ್ನಿನವರೆಗೆ ಕೇಳಿತಂತೆ. ಸುತ್ತ ಇದ್ದವರ ಕೈಯೆಲ್ಲ ಖಾರ, ಯಾರೂ ಮುಟ್ಟುವ ಹಾಗಿಲ್ಲ. ಖಾರವಿಲ್ಲದ ಕೈ ಆ ಮನೆಯಲ್ಲಿ ಒಬ್ಬನದೇ.

"ಏ ಅಳಿಯಾ! ಎಲ್ಲಿ ಸತ್ತೀಯೋ ಮಂಗ್ಯಾ! ನೀರ್ ತಗೊಂಡ್ ಬಾರೋ, ಕಣ್ಣು ಹೋದ್ವೋ!"

ಸೆರಗು ಎಲ್ಲಿತ್ತೋ, ಗೋಡೆ ಎಲ್ಲಿತ್ತೋ. ಅವನು ಕೊಡ ಎತ್ತಿಕೊಂಡು ಓಡಿ ಬಂದ. ಒಂದು ಕೈಯಿಂದ ನನ್ನ ತಲೆ ಹಿಡಿದು, ಒಂದು ಕೈಯಿಂದ ಚೊಂಬಿನಲ್ಲಿ ಸುರಿದ. "ಕಣ್ಣು ತೆರೀರಿ ಅತ್ತಿ! ತೆರೀರಿ ಅಂದ್ರ ತೆರೀಬೇಕು! ತಿಕ್ಕಬ್ಯಾಡ್ರಿ, ಕೈ ತಗೀರಿ!" ನನಗೆ ಯಾರೂ ಹಾಗೆ ಗದರಿಸಿರಲಿಲ್ಲ. ತೆರೆದೆ. ಕೊಡ ಖಾಲಿಯಾಗುವವರೆಗೆ ಸುರಿದ. ಈ ಗದ್ದಲದಲ್ಲಿ ಡಬ್ಬಿ ತನ್ನ ಪಾಡಿಗೆ ಮಾತಾಡುತ್ತಲೇ ಇತ್ತು. ನಾನು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಕಥೆಯಲ್ಲಿ ಹರಗೋಲು ದಂಡೆಗೆ ಬಂದಿತ್ತು, ಯಾರೋ ಅಡುಗೆ ಮಾಡುತ್ತಿದ್ದರು. ದಿನಗಟ್ಟಲೆ ಕಾದ ಆ ಒಂದು ಗಳಿಗೆ ನನ್ನದೇ ಕೂಗಿನಲ್ಲಿ ಮುಳುಗಿಹೋಗಿತ್ತು.

ಫಕ್ಕೀರವ್ವ ಸುತ್ತಲಿನವರಿಗೆ, "ನೋಡ್ರೆ, ಗಂಗಕ್ಕ ಕಥಿ ಕೇಳಿ ಅಳಾಕತ್ತಾಳ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೈದುನಂದು ಏನಾತು ನಾ ಹೇಳ್ಲೇನು?" ಎಂದಳು.

"ಬಾಯಿ ಬಿಟ್ಟಿ ಅಂದ್ರ ಒಂದು ಮುಟಗಿ ಕಾಯಿ ತುರುಕ್ತೇನಿ" ಎಂದೆ. ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡು ಅಳಿಯನ ಕಡೆ ನೋಡಿದೆ. ಅವನ ಮದುವೆ ಮನೆಯ ಇಸ್ತ್ರಿ ಅಂಗಿ ಪೂರ್ತಿ ತೊಯ್ದು ಕೆಂಪಾಗಿತ್ತು. ಅದನ್ನು ಅವನು ನೋಡಿಕೊಂಡಿರಲೇ ಇಲ್ಲ. ಡಬ್ಬಿಯ ಹತ್ತಿರ ಕೂತು, "ಹಿಂದಕ್ಕ ಹಾಕ್ಲೇನ್ರಿ ಅತ್ತಿ?" ಎಂದ.

"ಹಾಕಪಾ" ಎಂದೆ.

ಹಾಕಿದ. ನೀಲವ್ವ ಹುಟ್ಟನ್ನು ಮೇಲೆತ್ತಿದಳು. ಮೈದುನ ಹರಗೋಲಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹೊಡೆ, ಬೀಳಿಸು ಎಂದು ನಾನು ಒಳಗೊಳಗೇ ಹೇಳುತ್ತಿದ್ದೆ. ಅವಳು ಹುಟ್ಟನ್ನು ಅವನ ಕೈಗೆ ಕೊಟ್ಟಳು. ಹುಟ್ಟು ಹಾಕುವುದು ಹೇಗೆ ಎಂದು ಕಲಿಸುತ್ತ, ಅವನ ಕೈಯಿಂದಲೇ ದಂಡೆಯವರೆಗೆ ಹುಟ್ಟು ಹಾಕಿಸಿದಳು. ಇಳಿಯುವಾಗ ಅವನು ತಲೆ ಎತ್ತಲಿಲ್ಲ. ನನಗೆ ಅಷ್ಟೇನೂ ಸೇರಲಿಲ್ಲ. ಬೀಳಿಸಬೇಕಿತ್ತು. ಆದರೆ ಕಣ್ಣು ಉರಿಯುತ್ತಿದ್ದುದರಿಂದ ವಾದ ಮಾಡಲಿಲ್ಲ.

ಮರುದಿನದಿಂದ ಮತ್ತೆ ಸೆರಗು ಹಾಕಿಕೊಳ್ಳೋಣ ಎಂದು ನೋಡಿದೆ. ಓಣಿಯೆದುರು ಮಂಗ್ಯಾ ಎಂದು ಕೂಗಿ ಆದ ಮೇಲೆ ಸೆರಗಿನ ಹಿಂದೆ ಮುಚ್ಚಿಡುವುದು ಏನು ಉಳಿದಿರುತ್ತದೆ? ಆದರೂ ರಾಣೇಬೆನ್ನೂರಿಗೆ ಹೋದರೆ ಆ ಗೋಡೆಗೆ ಒಂದೆರಡು ಮಾತು ಹೇಳುತ್ತೇನೆ. ಪಾಪ, ದುಡಿದ ಗೋಡೆ. ಅಳಿಯ ಆ ಕಡೆಯಿಂದ ಉತ್ತರ ಕೊಡುತ್ತಾನೆ. ಸುಮಾಗೆ ಮಾತ್ರ ಸಿಟ್ಟು, ತನ್ನ ಮೂಲಕ ಈಗ ಯಾರೂ ಏನೂ ಹೇಳಿಕಳಿಸುವುದಿಲ್ಲ ಎಂದು.

ಇದೆಲ್ಲವನ್ನೂ ನಾನು ಕೂತು ಬರೆದಿಲ್ಲ. ನಾನು ಬರೆದಿದ್ದರೆ ಇನ್ನೂ ಮೊದಲಿನ ಆ ನೀರಿನ ಕೊಡದ ಮಾತಿನ ಹತ್ತಿರವೇ ಇರುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು ಗೋಡೆಗೆ ಹೇಳಿದೆ, ಆ ಕಡೆ ಅಳಿಯ ಟೈಪು ಮಾಡಿದ. ನನ್ನ ಮಾತನ್ನು ಇದ್ದ ಹಾಗೆ ಹಾಕಿದರೆ ನಮ್ಮ ಓಣಿಯವರಿಗೆ ಮಾತ್ರ ತಿಳಿಯುತ್ತದೆ ಎಂದು, ಎಲ್ಲರ ಕಿವಿಗೂ ಹೊಂದುವಂತೆ ಪುಸ್ತಕದ ಮಾತಿಗೆ ಸುರಿದಿದ್ದಾನೆ. ಸುರಿಯುವಾಗ ಏನಾದರೂ ಉದುರಿತೇ ಎಂದು ನನಗೆ ಅನುಮಾನ ಬಂದು ಸುಮಾಳಿಂದ ಓದಿಸಿ ಕೇಳಿದೆ. ಉದುರಿತ್ತು. ಅವನನ್ನು ನಾನು ಹೊಗಳಿದ್ದ ಮಾತು ಒಂದೂ ಇರಲಿಲ್ಲ. ಬೈದದ್ದೆಲ್ಲ ಒಂದಕ್ಷರ ಬಿಡದೆ ಇತ್ತು. ಅವನ ಹಿಂದೆಯೇ ನಿಂತು, ಗದರಿಸಿ, ಹೊಗಳಿದ್ದನ್ನೆಲ್ಲ ಮತ್ತೆ ಹಾಕಿಸಿದ್ದೇನೆ. ಮಂಗ್ಯಾ ಎಂಬುದನ್ನು ತೆಗೆಯಲೇ ಎಂದು ಕೇಳಿದ. ಇರಲಿ ಬಿಡು ಎಂದೆ.